ಗೆರೆ ಮೂಡದ ಜೆಲ್

ಮಕ್ಕಳ ವಾರ್ಡಿನಿಂದ ಬಂದ ಕೀವಿನಲ್ಲೋ ರಕ್ತದಲ್ಲೋ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದರೆ, ಅದರೊಳಗೆ ಯಾವ ಯಾವ ವಿಷದ ಜೀನ್‌ಗಳಿವೆ ಅಂತ ನೋಡುವುದು ನನ್ನ ಕೆಲಸ. ಬ್ಲಡ್ ಅಗರ್ ಪ್ಲೇಟ್ ಮೇಲೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ ಕಾಣುತ್ತವೆ: ತುಸು ಹಳದಿ, ಗುಂಡನೆಯ, ನುಣುಪಾದ ಕಾಲೊನಿಗಳು. ಒಂದು ಮಗುವಿಗೆ ಚಿಕ್ಕ ಕುರು ಎಬ್ಬಿಸಿರುತ್ತದೆ, ಇನ್ನೊಂದು ಮಗುವಿನ ಶ್ವಾಸಕೋಶವನ್ನೇ ತಿಂದು ಹಾಕಿರುತ್ತದೆ. ಪ್ಲೇಟ್ ನೋಡಿ ಯಾವುದು ಯಾವುದು ಅಂತ ಹೇಳಲಾಗದು. ಅದಕ್ಕೇ ಪಿಸಿಆರ್: ಹುಡುಕುವ ಜೀನಿನ ತುಣುಕನ್ನು ನಕಲು ಮಾಡಿ ಹೆಚ್ಚಿಸಿ, ಜೆಲ್‌ನಲ್ಲಿ ಗೆರೆಯಾಗಿ ಕಾಣಿಸುವ ಪರೀಕ್ಷೆ.

ಮೊದಲ ಸಲ ಜೆಲ್ ಓಡಿಸಿ ಯುವಿ ಬೆಳಕಿಗೆ ಇಟ್ಟಾಗ, ಅಳತೆಯ ಲ್ಯಾಡರ್ ಮತ್ತು ಬೇರೆ ಕಡೆಯಿಂದ ತರಿಸಿದ್ದ ಪಾಸಿಟಿವ್ ಕಂಟ್ರೋಲ್ ಡಿಎನ್‌ಎ ಬಿಟ್ಟರೆ ಉಳಿದೆಲ್ಲ ಸಾಲು ಖಾಲಿ. ಪಿವಿಎಲ್ (ಪ್ಯಾಂಟನ್-ವ್ಯಾಲೆಂಟೈನ್ ಲ್ಯೂಕೊಸಿಡಿನ್) ಎಂಬ ವಿಷದ ಜೀನ್ ಇದ್ದರೆ 433 ಬೇಸ್ ಜೋಡಿಯ ಹತ್ತಿರ ಒಂದು ಗೆರೆ ಮೂಡಬೇಕು. ಒಂದೂ ಇಲ್ಲ. 'ಪಿವಿಎಲ್ ನೆಗೆಟಿವ್' ಅಂತ ಬರೆಯಲು ಪೆನ್ನು ತೆಗೆದಿದ್ದೆ. ಹಿಂದೆ ನಿಂತಿದ್ದ ಮೇಡಂ ಒಂದೇ ಮಾತು ಕೇಳಿದರು: "ನ್ಯೂಕ್ ಬಂತೇನಮ್ಮಾ?"

ಬಂದಿರಲಿಲ್ಲ. ನ್ಯೂಕ್ ಅನ್ನೋದು ಈ ಬ್ಯಾಕ್ಟೀರಿಯಾದ ಗುರುತಿನ ಜೀನ್. ಆರಿಯಸ್ ಅಂದಮೇಲೆ ಅದು ಇದ್ದೇ ಇರಬೇಕು. ಅದೂ ಕಾಣಲಿಲ್ಲ ಅಂದರೆ ಏನರ್ಥ? ನಾನು ಡಿಎನ್‌ಎಯನ್ನೇ ಹೊರಗೆ ತೆಗೆದಿರಲಿಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಬೇರೆ ಬ್ಯಾಕ್ಟೀರಿಯಾಗಳಿಗೆ ಹಾಕುತ್ತಿದ್ದ ಲೈಸೊಜೈಮನ್ನೇ ಇದಕ್ಕೂ ಹಾಕಿದ್ದೆ. ಲೈಸೊಜೈಮ್ ನಮ್ಮ ಕಣ್ಣೀರಿನಲ್ಲೂ ಇದೆ, ಎಷ್ಟೋ ರೋಗಾಣುಗಳನ್ನು ಒಡೆಯುತ್ತದೆ. ಸ್ಟ್ಯಾಫ್ ಆರಿಯಸ್ ಮಾತ್ರ ಜಗ್ಗುವುದಿಲ್ಲ, ಲೈಸೊಜೈಮ್ ಕಚ್ಚುವ ಜಾಗಕ್ಕೇ ಅದು ಮರೆ ಕಟ್ಟಿಕೊಂಡಿರುತ್ತದೆ. ಆದರೆ ಅದರ ಗೋಡೆಯ ಎಳೆಗಳನ್ನು ಐದೈದು ಗ್ಲೈಸಿನ್‌ಗಳ ಕೊಂಡಿ ಹಿಡಿದಿಟ್ಟಿರುತ್ತದೆ. ಆ ಕೊಂಡಿಯನ್ನು ಕತ್ತರಿಸುವ ಎಂಜೈಮ್ ಲೈಸೊಸ್ಟ್ಯಾಫಿನ್. ಅದನ್ನು ಹಾಕಿ 37 ಡಿಗ್ರಿಯಲ್ಲಿಟ್ಟೆ. ಹಾಲು ಬೆರೆಸಿದ ನೀರಿನಂತಿದ್ದ ಟ್ಯೂಬ್ ನೋಡನೋಡುತ್ತಾ ತಿಳಿಯಾಯಿತು. ಪಿಪೆಟ್ ಎತ್ತಿದರೆ ತುದಿಯಿಂದ ಲೋಳೆ ಎಳೆ ಜೋತು ಬಿತ್ತು. ಆ ಎಳೆ ಕಂಡಾಗಲೇ ಇವತ್ತು ನ್ಯೂಕ್ ಬರುತ್ತದೆ ಅಂತ ಗೊತ್ತಾಯಿತು. ಬಂತು. ಹಿಂದಿನ ಸಲ ಖಾಲಿ ಕಂಡಿದ್ದ ಎರಡು ಸಾಲುಗಳಲ್ಲಿ ಪಿವಿಎಲ್ ಕೂಡ ಬಂತು.

ಪಿವಿಎಲ್ ಎರಡು ತುಂಡಿನ ವಿಷ. ಎರಡೂ ಸೇರಿದರೆ ಬಿಳಿ ರಕ್ತಕಣದ ಪೊರೆಯಲ್ಲಿ ತೂತು ಕೊರೆಯುತ್ತವೆ. ಕುರುವಿಗೂ ಇದಕ್ಕೂ ನಂಟಿದೆ ಅಂತ ಪ್ಯಾಂಟನ್ ಮತ್ತು ವ್ಯಾಲೆಂಟೈನ್ 1932ರಲ್ಲೇ ತೋರಿಸಿದ್ದರು. ಈ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಒಂದು ವೈರಸ್ ಹೊತ್ತು ತಂದು ಒಳಗೆ ಸೇರಿಸಿದ್ದು. ಮೆಕ್‌ಎ ಜೀನ್ ಬೇರೆ ವಿಷಯ. ಅದು ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಶಕ್ತಿ ಕೊಡುತ್ತದೆ, ಅಷ್ಟೇ. ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಆರಿಯಸ್) ಅಂದಾಕ್ಷಣ ಜಾಸ್ತಿ ವಿಷಕಾರಿ ಅಂತ ಅಂದುಕೊಳ್ಳುವವರು ಈಗಲೂ ಇದ್ದಾರೆ. ಔಷಧಿಗೆ ಸುಲಭವಾಗಿ ಬಗ್ಗುವ ಸ್ಟ್ಯಾಫ್‌ನಲ್ಲೂ ಪಿವಿಎಲ್ ಇರಬಹುದು, ಅಂಥದ್ದೂ ಮಗುವಿನ ಪ್ರಾಣಕ್ಕೆ ಕುತ್ತು ತರಬಹುದು.

ಗೆರೆ ಬಂದರೆ ಮುಗಿಯಿತಾ? ಅದೂ ಇಲ್ಲ. ಜೀನ್ ಇದೆ ಅಂದಮಾತ್ರಕ್ಕೆ ವಿಷ ತಯಾರಾಗುತ್ತಿದೆ ಅಂತಲ್ಲ. ಬ್ಯಾಕ್ಟೀರಿಯಾ ತನ್ನ ಸುತ್ತ ಎಷ್ಟು ಜನ ಸೇರಿದ್ದಾರೆ ಅಂತ ಎಜಿಆರ್ ಎಂಬ ವ್ಯವಸ್ಥೆಯಿಂದ ಲೆಕ್ಕ ಹಾಕುತ್ತದೆ. ಕಡಿಮೆ ಇದ್ದಾಗ ಅಂಟಿಕೊಳ್ಳುವ ಪ್ರೋಟೀನ್‌ಗಳು, ಗುಂಪು ದೊಡ್ಡದಾದಾಗ ವಿಷ. ಚೆನ್ನಾಗಿ ಆಡಿಕೊಂಡಿರುವ ಮಗುವಿನ ಮೂಗಿನಲ್ಲೂ ಪಿವಿಎಲ್ ಇರುವ ಸ್ಟ್ಯಾಫ್ ಸಿಗಬಹುದು. ಅದಕ್ಕೇ ರಿಪೋರ್ಟಿನಲ್ಲಿ 'ಜೀನ್ ಪತ್ತೆಯಾಗಿದೆ' ಅಂತ ಬರೆಯುತ್ತೇನೆ, 'ವಿಷ ಇದೆ' ಅಂತ ಎಂದೂ ಬರೆಯುವುದಿಲ್ಲ. ಆ ಒಂದು ಪದ ನೋಡಿ ಒಬ್ಬ ತಾಯಿ ಎಷ್ಟು ಹೆದರಬಹುದು ಅಂತ ನನಗೆ ಗೊತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಮೈಯೆಲ್ಲ ಕೆಂಪಾಗಿ, ಸುಟ್ಟ ಹಾಗೆ ಚರ್ಮ ಸುಲಿಯುತ್ತಿದ್ದ ಒಂದು ಹಸುಗೂಸಿನ ಗುಳ್ಳೆಯಿಂದ ಸ್ವಾಬ್ ಬಂತು. ಎರಡು ದಿನ ಇಟ್ಟರೂ ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ವಾರ್ಡಿನಿಂದ ಫೋನ್ ಬಂತು: "ಹಾಗಾದರೆ ಸ್ಟ್ಯಾಫ್ ಅಲ್ಲ ಅಂತ ಬರೆಯೋಣವಾ ಮೇಡಂ?" ಆ ಖಾಲಿ ಜೆಲ್ ನೆನಪಾಯಿತು. "ಬೇಡ ಡಾಕ್ಟ್ರೇ, ಮೂಗು, ಗಂಟಲು, ಕಣ್ಣಿನ ಪಿಸುರು, ಹೊಕ್ಕುಳಿಂದ ಸ್ವಾಬ್ ಕಳಿಸಿ" ಅಂದೆ.

ಸ್ಟ್ಯಾಫಿಲೊಕಾಕಲ್ ಸ್ಕಾಲ್ಡೆಡ್ ಸ್ಕಿನ್ ಸಿಂಡ್ರೋಮ್ ಎಂಬ ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ಕೂತಿರುವುದು ಒಂದು ಕಡೆ, ಚರ್ಮ ಸುಲಿಯುವುದು ಇನ್ನೊಂದು ಕಡೆ. ಅದು ಬಿಟ್ಟ ಎಕ್ಸ್‌ಫೋಲಿಯೇಟಿವ್ ಟಾಕ್ಸಿನ್ ರಕ್ತದಲ್ಲಿ ಹರಿದು, ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ 1 ಅನ್ನು ಕತ್ತರಿಸುತ್ತದೆ. ಗುಳ್ಳೆಯೊಳಗೆ ರೋಗಾಣು ಸಿಗದಿರುವುದೇ ಸಹಜ. ಪುಟ್ಟ ಮಕ್ಕಳ ಕಿಡ್ನಿ ಆ ವಿಷವನ್ನು ಬೇಗ ಹೊರಹಾಕಲಾರದು, ಅದಕ್ಕೆ ಎದುರು ನಿಲ್ಲುವ ಪ್ರತಿಕಾಯಗಳೂ ಅವರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಅದೇ ವಿಷ ಒಂದೇ ಕಡೆ ಗುಳ್ಳೆ ಎಬ್ಬಿಸುವ ಬುಲ್ಲಸ್ ಇಂಪೆಟಿಗೋದಲ್ಲಾದರೆ ರೋಗಾಣು ಗುಳ್ಳೆಯಲ್ಲೇ ಸಿಗುತ್ತದೆ. ಎರಡೂ ಒಂದೇ ವಿಷದ ಕೆಲಸವಾದರೂ ಸ್ವಾಬ್ ತೆಗೆಯುವ ಜಾಗ ಬೇರೆ.

ಹೊಕ್ಕುಳಿನ ಸ್ವಾಬಿನಲ್ಲಿ ಹಳದಿ ಕಾಲೊನಿಗಳು ಬೆಳೆದವು. ಲೈಸೊಸ್ಟ್ಯಾಫಿನ್ ಹಾಕಿದೆ, ಜೆಲ್ ಓಡಿಸಿದೆ. ಮೊದಲು ನ್ಯೂಕ್ ನೋಡಿದೆ, ಇತ್ತು. ಪಕ್ಕದ ಸಾಲಿನಲ್ಲಿ ಇಟಿಬಿಯ, ಅಂದರೆ ಚರ್ಮ ಸುಲಿಸುವ ಆ ವಿಷದ ಒಂದು ಬಗೆಯ ಜೀನಿನ, ಗೆರೆ ಇತ್ತು. ಅಷ್ಟರಲ್ಲಿ ಮಗುವಿಗೆ ಔಷಧಿ ಶುರುವಾಗಿ, ಹೊಸದಾಗಿ ಚರ್ಮ ಸುಲಿಯುವುದು ನಿಂತಿತ್ತು. ಈಗ ಅಂಥ ಮಗು ಬಂದರೆ ಆ ವಾರ್ಡಿನವರು ಕೇಳದೆಯೇ ನಾಲ್ಕೂ ಸ್ವಾಬ್ ಕಳಿಸುತ್ತಾರೆ.