ಮೂಡಿಗೆರೆ ಮಳೆಗೆ ಎಂಥ ಡಿಹ್ಯೂಮಿಡಿಫೈಯರ್ ಬೇಕು?

ಆರಿದ್ರೆ ಮಳೆ ಹಿಡಿಯಿತು ಅಂದರೆ ನಮ್ಮ ಮೂಡಿಗೆರೆ ಕಡೆ ಚರ್ಮದ ಬೆಲ್ಟಿಗೆ ಬೂಷ್ಟು. ಪುಷ್ಯದ ಹೊತ್ತಿಗೆ ಅತ್ತೆಯ ರೇಷ್ಮೆ ಸೀರೆ ಮಡಿಕೆಗೂ ಬಂದಿರುತ್ತದೆ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಮೆಷಿನ್ ಯಾವುದು ತಗೊಳ್ಳೋದು ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು, ಯಾವ ರೂಮಿಗೆ? ಹೆಂಚಿನ ಸಂದಿಯಲ್ಲಿ ಗಾಳಿ ಆಡುವ ಕೋಣೆಗಿಟ್ಟರೆ ಅದು ಊರ ಮಂಜನ್ನೆಲ್ಲ ಹೀರುತ್ತಾ ಕೂರುತ್ತದೆ, ಅಷ್ಟೆ. ಬಾಗಿಲು, ಕಿಟಕಿ ಸರಿಯಾಗಿ ಮುಚ್ಚುವ ಒಂದೇ ರೂಮು ಆರಿಸಿ. ಬೀರು, ಪುಸ್ತಕ, ಒಣಗದ ಬಟ್ಟೆ ಎಲ್ಲ ಅಲ್ಲಿಗೇ ಹೋಗಲಿ.

ಡಬ್ಬದ ಮೇಲೆ ದಿನಕ್ಕೆ 12 ಲೀಟರ್ ಅಂತ ದಪ್ಪಗೆ ಬರೆದಿರುತ್ತದೆ. ಕೆಳಗಿನ ಸಣ್ಣಕ್ಷರ ಓದಿ. ಸಾಮಾನ್ಯವಾಗಿ ಅದು 30 ಡಿಗ್ರಿ ಸೆಕೆ, ಶೇ. 80 ತೇವಾಂಶದಲ್ಲಿ ಅಳೆದದ್ದು. ಜುಲೈಯಲ್ಲಿ ನಮ್ಮ ರೂಮು 20 ಡಿಗ್ರಿ ಆಸುಪಾಸು. ತಣ್ಣನೆ ಗಾಳಿಯಲ್ಲಿ ನೀರಾವಿ ಕಡಿಮೆ, ಆ ಮೆಷಿನ್ ಅರ್ಧ ಎಳೆದರೆ ಜಾಸ್ತಿ. ಹಾಗಾಗಿ ಬೇಕೆನಿಸಿದ್ದಕ್ಕಿಂತ ಒಂದು ಸೈಜು ದೊಡ್ಡದೇ ತಗೊಳ್ಳಿ. ಒಳಗೆ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇಲ್ಲದ ಅಗ್ಗದ ಪುಟಾಣಿಗಳು ದಿನಕ್ಕೆ ಅರ್ಧ ಲೀಟರ್ ಹಿಡಿದರೆ ಹೆಚ್ಚು. ಬೀರುವಿನೊಳಗೆ ಸರಿ. ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲೇ ಎರಡು ಲೀಟರ್ ನೀರಿರುತ್ತದೆ, ಅದರ ಕೈಲಿ ಎಲ್ಲಿ ಆಗುತ್ತೆ?

ಕೆಮ್ಮಣ್ಣುಗುಂಡಿಯಂಥ ಎತ್ತರದಲ್ಲಿ, ರೂಮು 15 ಡಿಗ್ರಿಗಿಂತ ಕೆಳಗಿಳಿಯುವ ಕಡೆ, ಕಂಪ್ರೆಸರ್ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅಲ್ಲಿಗೆ ಡೆಸಿಕ್ಯಾಂಟ್, ಅಂದರೆ ತೇವ ಹೀರುವ ವಸ್ತು ತುಂಬಿದ ಮೆಷಿನ್ನೇ ಸರಿ. ಕರೆಂಟು ಜಾಸ್ತಿ ತಿನ್ನುತ್ತದೆ, ಆದರೆ ರೂಮೂ ಬೆಚ್ಚಗಾಗುತ್ತದೆ.

ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯ ಆಟೋ ರೀಸ್ಟಾರ್ಟ್. ಅಂಗಡಿಯಲ್ಲೇ ಮೆಷಿನ್ ಓಡಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಿ ನೋಡಿ. ಗುಂಡಿ ಮುಟ್ಟದೆ ತಾನೇ ಶುರುವಾದರೆ ಮಾತ್ರ ಮುಂದಿನ ಮಾತು. ಕರೆಂಟು ರಾತ್ರಿಯೆಲ್ಲ ಹೋಗಿ ಬಂದು ಮಾಡುವ ಊರಲ್ಲಿ ಪ್ರತಿ ಸಲ ಎದ್ದು ಒತ್ತುವವರು ಯಾರು? ಹಿಂದೆ ಪೈಪ್ ಸಿಕ್ಕಿಸುವ ತೂತಿದೆಯಾ ಅಂತಲೂ ನೋಡಿ. ಪೈಪನ್ನು ಬಚ್ಚಲಿಗೆ ಇಳಿಬಿಟ್ಟರೆ ಒಳಗೆ ನೀರು ಸೇರುವ ಟಬ್ ತುಂಬಿ ಮೆಷಿನ್ ನಿಲ್ಲುವ ತಾಪತ್ರಯವಿಲ್ಲ.

ಬಿಲ್ಲಿನ ವಿಷಯಕ್ಕೆ ಅತ್ತೆ ಮೀಟರ್ ಹತ್ತಿರ ಹೋಗಿ ನಿಂತೇ ನಿಂತರು. 250 ವಾಟಿನದು ಎಂಟು ಗಂಟೆ ಓಡಿದರೆ ಎರಡು ಯೂನಿಟ್. ತೇವಾಂಶದ ಮೀಟರ್ ಒಂದು ತಂದಿಟ್ಟು, 55–60ಕ್ಕೆ ಬಂದಾಗ ನಿಲ್ಲಿಸಿ. 40ಕ್ಕೆ ಇಳಿಸೋದು ಸುಮ್ನೆ ದಂಡ. ಹಾಂ, ಟಬ್ಬಿನ ನೀರನ್ನು ಡಿಸ್ಟಿಲ್ಡ್ ವಾಟರ್ ಅಂದುಕೊಂಡು ಯುಪಿಎಸ್ ಬ್ಯಾಟರಿಗೆ ಸುರಿಯಬೇಡಿ. ಅದರಲ್ಲಿ ರೂಮಿನ ಧೂಳೂ ಇರುತ್ತದೆ.