ನಾಲ್ಕು ಬಾಟಲಿಗಳ ಬಾಯ್ಲರ್

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಬೆವರು ಸುರಿಸಿದವನು ನಾನು. ನಿವೃತ್ತನಾದ ಮೇಲೆ ಮಗಳ ಸಂಸಾರದ ಜೊತೆ ಅಮೆರಿಕದ ಮೆಂಫಿಸ್ ನಗರದಲ್ಲಿದ್ದೇನೆ. ಮೊಮ್ಮಗಳನ್ನು ಶಾಲೆಯ ಬಸ್ಸು ಹತ್ತಿಸುವುದು, ಸಂಜೆ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನಡೆಯುವುದು, ಉಳಿದ ಹೊತ್ತು ಅಡುಗೆಮನೆಯ ಪ್ರೆಷರ್ ಕುಕ್ಕರಿನ ವಾಷರ್ ಪರೀಕ್ಷಿಸುವುದು. ಇದು ನನ್ನ ದಿನಚರಿ. ಕುಕ್ಕರಿನ ವಿಷಯದಲ್ಲಿ ನನ್ನದು ಅತಿಯಾಯಿತೆಂದು ಮನೆಯವರ ದೂರು.

ನದಿ ದಾಟಿದರೆ ಅರ್ಕನ್ಸಾ ರಾಜ್ಯ. ಅಲ್ಲಿ ಇಪ್ಪತ್ತು ನಿಮಿಷದ ದಾರಿಯಲ್ಲಿ ಮೇರಿಯನ್ ಎಂಬ ಸಣ್ಣ ಊರಿದೆ. ಆ ಊರಿನಲ್ಲಿ ‘ಸುಲ್ತಾನಾ’ ಎಂಬ ಉಗಿದೋಣಿಯ ದುರಂತಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಮೊದಲ ಸಲ ಅಳಿಯ ಕರೆದುಕೊಂಡು ಹೋದಾಗ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಜಾಗದಲ್ಲಿ ಮೂರು ಗಂಟೆ ನಿಂತೆ. ಅಳಿಯ ಕಾರಿನಲ್ಲಿ ನಿದ್ದೆ ಮುಗಿಸಿ ಬಂದ. ಇಲ್ಲಿನ ಕನ್ನಡದ ಮನೆಗಳ ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ಯಬೇಕು ಎಂದು ಆವತ್ತೇ ನಿಶ್ಚಯಿಸಿದೆ.

ತಾಯಂದಿರಿಗೆ ಅನುಮಾನ. ಸಾವಿನ ಲೆಕ್ಕ ಕೇಳಿಸಲು ಮಕ್ಕಳನ್ನು ಯಾಕೆ ಕರೆದೊಯ್ಯಬೇಕು ಎಂದು ಒಬ್ಬರು ಕೇಳಿಯೇ ಬಿಟ್ಟರು. ಅವರ ಮಾತಿನಲ್ಲಿ ನ್ಯಾಯವಿತ್ತು. 1865ರ ಏಪ್ರಿಲ್ 27ರ ನಸುಕಿನ ಎರಡು ಗಂಟೆಗೆ, ಮೆಂಫಿಸ್‌ನಿಂದ ಏಳು ಮೈಲಿ ಮೇಲೆ ಬಾಯ್ಲರ್ ಸ್ಫೋಟಗೊಂಡು ಸುಮಾರು 1,200 ಜನ ಸತ್ತರು ಎಂದರೆ ಮಕ್ಕಳು ‘ಓಹ್’ ಎಂದು ಮುಂದಕ್ಕೆ ಹೋಗುತ್ತಾರೆ. ಹಳೆಯ ಲೆಕ್ಕದಂತೆ 1,500, 1,800 ಎಂದರೂ ಅದೇ ‘ಓಹ್’. ಸಂಖ್ಯೆ ದೊಡ್ಡದಾದಷ್ಟೂ ಮಕ್ಕಳಿಗೇನು, ನಮಗೂ ಅದು ದೂರವೇ. ಅದಕ್ಕಾಗಿ ಮೊದಲು ಬಾಯ್ಲರ್ ತೋರಿಸಿ, ಆಮೇಲೆ ಮೇರಿಯನ್‌ಗೆ ಹೋಗೋಣ ಎಂದು ಲೆಕ್ಕ ಹಾಕಿದೆ. ಶುಕ್ರವಾರ ಸಂಜೆ ನಮ್ಮ ಗ್ಯಾರೇಜಿನಲ್ಲಿ ಪಾಠ, ಶನಿವಾರ ಬೆಳಿಗ್ಗೆ ಪ್ರವಾಸ.

ಸುಲ್ತಾನಾದಲ್ಲಿ ಇದ್ದದ್ದು ನಾಲ್ಕು ಬಾಯ್ಲರ್. ಹದಿನೆಂಟು ಅಡಿ ಉದ್ದದ, ನಾಲ್ಕಡಿಗೆ ಎರಡಂಗುಲ ಕಡಿಮೆ ವ್ಯಾಸದ ಕಬ್ಬಿಣದ ಪೀಪಾಯಿಗಳು ಅಕ್ಕಪಕ್ಕದಲ್ಲಿ ಮಲಗಿದ್ದವು. ಒಂದೊಂದರ ಹೊಟ್ಟೆಯೊಳಗೆ ಐದಂಗುಲದ ಇಪ್ಪತ್ತನಾಲ್ಕು ಕೊಳವೆಗಳು. ಕುಲುಮೆಯ ಬಿಸಿ ಹೊಗೆ ಆ ಕೊಳವೆಗಳ ಒಳಗೆ ಹಾದು ಸುತ್ತಲಿನ ನೀರನ್ನು ಕಾಯಿಸುತ್ತಿತ್ತು. ನಮ್ಮ ಕಾರ್ಖಾನೆಯದು ಇದರ ತಿರುವು: ಕೊಳವೆಯೊಳಗೆ ನೀರು, ಹೊರಗೆ ಬೆಂಕಿ. ಆದರೆ ಎರಡಕ್ಕೂ ನಿಯಮ ಒಂದೇ. ಬೆಂಕಿ ತಾಗುವ ಕಬ್ಬಿಣದ ಇನ್ನೊಂದು ಮಗ್ಗುಲಲ್ಲಿ ಸದಾ ನೀರಿರಬೇಕು. ನೀರು ಸರಿದ ಜಾಗದಲ್ಲಿ ಕಬ್ಬಿಣ ಕೆಂಪಗೆ ಕಾಯ್ದು ಮೆತ್ತಗಾಗುತ್ತದೆ.

ಇದನ್ನು ತೋರಿಸಲು ಎರಡು ಲೀಟರಿನ ನಾಲ್ಕು ಸೋಡಾ ಬಾಟಲಿಗಳನ್ನು ಬೇಕಿಂಗ್ ತಟ್ಟೆಯ ಮೇಲೆ ಸಾಲಾಗಿ ಮಲಗಿಸಿದೆ. ಕೆಳಹೊಟ್ಟೆಯಲ್ಲಿ ಒಂದೊಂದು ತೂತು ಕೊರೆದು, ಮೀನಿನ ತೊಟ್ಟಿಗೆ ಹಾಕುವ ರಬ್ಬರ್ ನಳಿಕೆಯಿಂದ ಒಂದಕ್ಕೊಂದು ಜೋಡಿಸಿದೆ. ಬಿಸಿ ಗೋಂದು ಹಚ್ಚಿದ್ದು ಹತ್ತು ನಿಮಿಷಕ್ಕೇ ಸೋರಿತು. ಸಿಲಿಕೋನ್ ಹಚ್ಚಿ ಒಂದು ರಾತ್ರಿ ಬಿಟ್ಟ ಮೇಲೆ ನಿಂತಿತು. ಬೀಟ್‌ರೂಟ್ ಬೇಯಿಸಿದ ನೀರನ್ನು ಮುಕ್ಕಾಲು ಮಟ್ಟಕ್ಕೆ ತುಂಬಿಸಿ, ತಟ್ಟೆಯ ಒಂದು ಬದಿಗೆ ದಪ್ಪ ಪುಸ್ತಕ ಇಟ್ಟು ಓರೆ ಮಾಡಿದೆ. ನೀರು ಕದಲಲಿಲ್ಲ. ಮೂವತ್ತೊಂದು ವರ್ಷದ ಅನುಭವಸ್ಥ ತಲೆ ಕೆರೆದುಕೊಂಡು ಕುಳಿತೆ. ಆಮೇಲೆ ಹೊಳೆಯಿತು: ಮೇಲಿನ ಗಾಳಿಗೆ ದಾರಿಯೇ ಇಲ್ಲ! ನಿಜವಾದ ಬಾಯ್ಲರ್‌ಗಳಲ್ಲಿ ಕೆಳಗೆ ನೀರು ಒಂದಾಗಿರುವಂತೆ ಮೇಲೆ ಉಗಿಯೂ ಒಂದಾಗಿರುತ್ತದೆ. ಮೇಲೆಯೂ ತೂತು ಕೊರೆದು ಇನ್ನೊಂದು ನಳಿಕೆ ಜೋಡಿಸಿದ ಮೇಲೆ ನೀರು ಸರಸರನೆ ಹರಿಯಿತು. ಪುಸ್ತಕ ಇಟ್ಟ ಬದಿಯ ಕೊನೆಯ ಬಾಟಲಿಯಲ್ಲಿ ನೀರು ಒಂದು ಬೆರಳು ದಪ್ಪ ಇಳಿಯಿತು, ಆಚೆ ಕೊನೆಯದರಲ್ಲಿ ಅಷ್ಟೇ ಏರಿತು. ಕೊಳವೆಗಳ ಮೇಲ್ಗೆರೆ ಎಂದು ಮಾರ್ಕರ್‌ನಿಂದ ಗೀಟು ಎಳೆದಿಟ್ಟಿದ್ದೆ. ಇಳಿದ ನೀರು ಗೀಟಿಗಿಂತ ಕೆಳಗಿತ್ತು. ದೋಣಿ ವಾಲಿದರೂ ಹೀಗೆಯೇ.

ಇನ್ನೊಂದು ಪ್ರಯೋಗ ಬಚ್ಚಲ ತೊಟ್ಟಿಯಲ್ಲಿ. ಒಂದು ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಎರಡು ಕಿಲೋ ಸಕ್ಕರೆಯ ಚೀಲ, ಮೇಲಿನ ಅಟ್ಟದ ತುಂಬ ಟಾರ್ಚಿನ ಸೆಲ್‌ಗಳು. ತೇಲಿತು. ಸಕ್ಕರೆ ತೆಗೆದೆ. ಡಬ್ಬಿ ಒಲೆದಾಡಿ ಒಂದು ಬದಿಗೆ ವಾಲಿತು. ಸುಲ್ತಾನಾದ ತಳದಲ್ಲಿ ನಿಜವಾಗಿಯೂ ಸಕ್ಕರೆಯೇ ಇತ್ತು, ಭಾರಿ ಮರದ ಪೀಪಾಯಿಗಳಲ್ಲಿ. ಮೆಂಫಿಸ್‌ನಲ್ಲಿ ಅದನ್ನು ಇಳಿಸಿದರು. ತಳ ಹಗುರವಾಯಿತು, ಮೇಲೆ ಜನ ಹಾಗೆಯೇ ಉಳಿದರು. ಬದುಕಿಡೀ ಸಕ್ಕರೆಯ ಅನ್ನ ತಿಂದವನಿಗೆ ಈ ಸಂಗತಿ ಯಾಕೋ ಬೇರೆಯೇ ರೀತಿಯಲ್ಲಿ ತಟ್ಟಿತು.

ಜನ ಎಷ್ಟು ಎಂಬುದು ಆಗ ಮಕ್ಕಳಿಗೆ ಅರ್ಥವಾಗತೊಡಗಿತು. ದೋಣಿಗೆ ಕಾನೂನು ಒಪ್ಪಿದ್ದು 376 ಮಂದಿ. ಹತ್ತಿದ್ದು 2,100ಕ್ಕೂ ಹೆಚ್ಚು. ಬಹುಪಾಲು ಮಂದಿ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಉತ್ತರದ ಸೇನೆಯ ಸಿಪಾಯಿಗಳು, ದಕ್ಷಿಣದವರ ಆಂಡರ್ಸನ್‌ವಿಲ್ ಮತ್ತು ಕಹಾಬ ಸೆರೆಶಿಬಿರಗಳಲ್ಲಿ ತಿಂಗಳುಗಟ್ಟಲೆ ಹಸಿದು ಮೂಳೆ ಚಕ್ಕಳವಾದವರು. ಯುದ್ಧ ಮುಗಿಯುತ್ತ ಬಂದಿತ್ತು, ಮನೆಗೆ ಹೊರಟಿದ್ದರು. ಅವರನ್ನು ಸಾಗಿಸಲು ಸರ್ಕಾರ ತಲೆಗಿಷ್ಟು ಎಂದು ಬಾಡಿಗೆ ಕೊಡುತ್ತಿತ್ತು. ಸಾಲದಲ್ಲಿದ್ದ ಕ್ಯಾಪ್ಟನ್ ಮೇಸನ್‌ಗೆ ಪ್ರತಿ ತಲೆಯೂ ದುಡ್ಡು. ಅವರು ದೋಣಿ ಹತ್ತಿದ ವಿಕ್ಸ್‌ಬರ್ಗ್ ಎಂಬ ಊರಿನಲ್ಲಿ ಬೇರೆ ದೋಣಿಗಳಿದ್ದರೂ ಎಲ್ಲರನ್ನೂ ಇದರಲ್ಲೇ ತುಂಬಿದರು. ಅಟ್ಟ ಬಾಗತೊಡಗಿದಾಗ ಕೆಳಗಿನಿಂದ ಮರದ ಕಂಬ ಕೊಟ್ಟು ನಿಲ್ಲಿಸಿದರು.

ವಿಕ್ಸ್‌ಬರ್ಗ್‌ನಲ್ಲೇ ಆದ ಇನ್ನೊಂದು ಕೆಲಸವನ್ನು ನಾನು ಮಕ್ಕಳಿಗೆ ಚುಟುಕಾಗಿ ಹೇಳಿ ಮುಗಿಸಿದೆ. ಅಲ್ಲಿ ನಾನು ತಪ್ಪಿದೆ ಎಂದು ಮರುದಿನ ತಿಳಿಯಿತು. ದೋಣಿ ಬರುವಾಗಲೇ ಒಂದು ಬಾಯ್ಲರ್ ಉಬ್ಬಿ ಸೋರುತ್ತಿತ್ತು. ನೋಡಲು ಬಂದ ಟೇಲರ್ ಎಂಬ ಬಾಯ್ಲರ್ ಕೆಲಸಗಾರ ಎರಡು ಹಾಳೆ ಪೂರ್ತಿ ಬದಲಿಸಬೇಕು ಎಂದ. ಹಾಗೆ ಮಾಡಿದರೆ ದಿನಗಳು ಹಿಡಿಯುತ್ತವೆ, ಸಿಪಾಯಿಗಳು ಬೇರೆ ದೋಣಿ ಹತ್ತುತ್ತಾರೆ. ಕ್ಯಾಪ್ಟನ್ ಮತ್ತು ಎಂಜಿನಿಯರ್ ಸೇರಿ ಒಪ್ಪಿಸಿದ್ದು ತೇಪೆಗೆ. ಉಬ್ಬನ್ನು ಬಡಿದು ಸಮ ಮಾಡಲೂ ಬಿಡಲಿಲ್ಲ. 26 ಅಂಗುಲ ಉದ್ದ, 11 ಅಂಗುಲ ಅಗಲ, ಕಾಲಂಗುಲ ದಪ್ಪದ ತಗಡನ್ನು ಮೇಲೆ ಕೂರಿಸಿ ರಿವೆಟ್ ಹೊಡೆದರು. ಮೂಲ ಹಾಳೆ ಅಂಗುಲದ ಮೂರನೇ ಒಂದು ಭಾಗಕ್ಕಿಂತ ತುಸು ದಪ್ಪ. ಅದಕ್ಕೆ ಅನುಮತಿ ಇದ್ದ ಒತ್ತಡ ಚದರ ಅಂಗುಲಕ್ಕೆ 145 ಪೌಂಡ್, ಅಂದರೆ ಇಂದಿನ ಕಾರಿನ ಚಕ್ರದ ಗಾಳಿಯ ನಾಲ್ಕು ಪಾಲಿಗೂ ಹೆಚ್ಚು. ಕಾಲಂಗುಲದ ತಗಡಿಗೆ ನೂರು ದಾಟಬಾರದಿತ್ತು. ಒತ್ತಡ ಇಳಿಸಲೇ ಇಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದು ಮಕ್ಕಳು, ಐದು ಕಾರು, ಎರಡು ಡಬ್ಬಿ ಚಿತ್ರಾನ್ನ. 2015ರಲ್ಲಿ ದುರಂತದ 150ನೇ ವರ್ಷಕ್ಕೆಂದು ತೆರೆದ ಪುಟ್ಟ ಕಟ್ಟಡದಲ್ಲಿ ಆಗ ಸಂಗ್ರಹಾಲಯ ನಡೆಯುತ್ತಿತ್ತು. ಊರಿನ ಹಳೆಯ ಹೈಸ್ಕೂಲಿನ ಜಿಮ್ನೇಷಿಯಂ ಕಟ್ಟಡವನ್ನು ದೊಡ್ಡ ಸಂಗ್ರಹಾಲಯ ಮಾಡಲು ಹಣ ಕೂಡಿಸುತ್ತಿದ್ದರು. ಮೇರಿಯನ್ನಿಗೆ ಈ ದೋಣಿಯ ಮೇಲೆ ಹಕ್ಕಿದೆ. ಹೊತ್ತಿ ಉರಿದ ಒಡಲು ತೇಲುತ್ತ ಬಂದು ಮುಳುಗಿದ್ದು ಈ ದಂಡೆಯ ಮೌಂಡ್ ಸಿಟಿಯ ಬಳಿ. ಆ ವರ್ಷ ನದಿ ಉಕ್ಕಿ ಮೈಲಿಗಟ್ಟಲೆ ಹರಡಿತ್ತು. ಮುಂದೆ ನದಿ ಹಾಸಿಗೆ ಬದಲಿಸಿತು, ಅವಶೇಷ ಮಣ್ಣಿನಡಿ ಉಳಿದು ಅದರ ಮೇಲೆ ಸೋಯಾಬೀನ್ ಬೆಳೆಯತೊಡಗಿತು. 1982ರಲ್ಲಿ ಹೊಲದ ಅಡಿಯಲ್ಲಿ ಸುಟ್ಟ ಮರ ಸಿಕ್ಕಿತು. ದುರಂತದ ದಿನ ಈ ಕಡೆಯ ಫೋಗಲ್‌ಮನ್ ಎಂಬ ಮನೆಯವರು ಮರದ ದಿಮ್ಮಿಗಳನ್ನು ಬಿಗಿದು ತೆಪ್ಪ ಮಾಡಿ, ಉರಿಯುವ ದೋಣಿಯಲ್ಲಿ ಉಳಿದವರನ್ನು ಇಳಿಸಿದರು. ಕೆಲ ವಾರಗಳ ಹಿಂದೆ ಶತ್ರು ಪಾಳೆಯದಲ್ಲಿದ್ದವರೂ ಒಂಟಿ ಮರದ ದೋಣಿಯಲ್ಲಿ ಹೋಗಿ ನೀರಿನಿಂದ ಜನರನ್ನು ಎತ್ತಿದರು.

ಒಳಗೆ ಹದಿನಾಲ್ಕು ಅಡಿಯ ಸುಲ್ತಾನಾದ ಮಾದರಿ ಇತ್ತು. ಮಕ್ಕಳು ಮೊದಲು ಓಡಿದ್ದು ಅಲ್ಲಿಗೆ, ಬಾಯ್ಲರ್ ಎಲ್ಲಿ ಎಂದು ಹುಡುಕಲು. ನನಗೆ ಹೆಮ್ಮೆಯಾಯಿತು. ಎರಡನೆಯದಾಗಿ ಅವರನ್ನು ಹಿಡಿದು ನಿಲ್ಲಿಸಿದ್ದು ಮೊಸಳೆಯ ಕತೆ. ದೋಣಿಯಲ್ಲಿ ಸಿಬ್ಬಂದಿಯ ಮುದ್ದಿನ ಮೊಸಳೆಯೊಂದು ಮರದ ಪೆಟ್ಟಿಗೆಯಲ್ಲಿತ್ತು. ಲೂಗೆನ್‌ಬೀಲ್ ಎಂಬ ಸಿಪಾಯಿ ಅದನ್ನು ಬಯೊನೆಟ್‌ನಿಂದ ಇರಿದು ಕೊಂದು, ಪೆಟ್ಟಿಗೆಯನ್ನು ನೀರಿಗೆಸೆದು, ಅದರ ಮೇಲೆ ತೇಲಿ ಬದುಕಿದ. ಮೊಸಳೆಯ ಪರ ಮತ್ತು ಸಿಪಾಯಿಯ ಪರ ಎಂದು ಮಕ್ಕಳಲ್ಲಿ ಎರಡು ಪಕ್ಷವಾಯಿತು.

ಮೂರನೆಯದು ಒಂದು ಫೋಟೊ. ಸ್ಫೋಟಕ್ಕೆ ಹಿಂದಿನ ದಿನ, ಏಪ್ರಿಲ್ 26ರಂದು, ಹೆಲೆನಾ ಎಂಬ ಊರಿನಲ್ಲಿ ಥಾಮಸ್ ಬ್ಯಾಂಕ್ಸ್ ಎಂಬ ಛಾಯಾಗ್ರಾಹಕ ತೆಗೆದದ್ದು. ಅಟ್ಟ, ಚಾವಣಿ, ಮೆಟ್ಟಿಲು ಎಲ್ಲೆಡೆ ತಲೆಗಳು. ಫೋಟೊದಲ್ಲಿ ಕಾಣಬೇಕೆಂದು ಸಿಪಾಯಿಗಳು ಒಂದೇ ಬದಿಗೆ ನುಗ್ಗಿದಾಗ ದೋಣಿ ಮಗುಚುವಷ್ಟು ವಾಲಿತ್ತಂತೆ. ಇದನ್ನು ನಾನು ಹುರುಪಿನಿಂದ ವಿವರಿಸುತ್ತಿದ್ದೆ, ನಿನ್ನೆಯ ಬಾಟಲಿಗಳನ್ನು ನೆನಪಿಸುತ್ತ. ಆಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: “ಹಾಗಾದರೆ ತಾತ, ಅವರೆಲ್ಲ ಅಲ್ಲಾಡದೆ ಕುಳಿತಿದ್ದರೆ ಬಾಯ್ಲರ್ ಒಡೆಯುತ್ತಿರಲಿಲ್ಲ ಅಲ್ಲವೇ?”

ಗೋಡೆಯ ಮೇಲೆ ಅವರ ಹೆಸರುಗಳಿದ್ದವು. ಅದರ ಮುಂದೆ ನಿಂತು ನಾನು ಅವರದೇ ತಪ್ಪು ಎಂಬ ಅರ್ಥ ಬರುವಂತೆ ಪಾಠ ಮಾಡಿದ್ದೆ. ಬಾಟಲಿಯ ನೀರು ಓಡುವುದು ನೋಡಲು ಚೆಂದ. ಚೆಂದವಾದದ್ದೇ ಕಾರಣವೆಂದು ಮಕ್ಕಳು ತಿಳಿದರು, ಅವರಿಗಿಂತ ಮೊದಲು ನಾನೇ ತಿಳಿದಿದ್ದೆ. ರಾತ್ರಿ ಎರಡು ಗಂಟೆಗೆ ಅವರು ಫೋಟೊಗೆ ನುಗ್ಗುತ್ತಿರಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಮಾಡುತ್ತಿದ್ದರು. ವಾಲಾಟ ಕಾರಣಗಳಲ್ಲಿ ಒಂದಿರಬಹುದು. ಇಂದಿನ ಎಂಜಿನಿಯರ್‌ಗಳು ಅದಕ್ಕಿಂತ ಹೆಚ್ಚಾಗಿ ಬೆಟ್ಟು ಮಾಡುವುದು ಬೇರೆಯವನ್ನು: ಪದೇ ಪದೇ ಕಾದು ತಣಿದರೆ ಪೆಡಸಾಗುವ ಆ ಕಾಲದ ಕಬ್ಬಿಣ, ಮಿಸಿಸಿಪ್ಪಿಯ ಕೆಸರು ನೀರು, ಆ ಕೆಸರನ್ನು ಕೆರೆದು ತೆಗೆಯಲು ಕೈಗೆ ಸಿಗದಂತೆ ಒತ್ತೊತ್ತಾಗಿದ್ದ ಕೊಳವೆಗಳು. ನಮ್ಮೂರಿನ ಕೊಳವೆಬಾವಿ ನೀರು ಕಾಯಿಸಿದ ಹಂಡೆಯ ತಳವನ್ನು ನೆನೆಯಿರಿ. ಆ ಬಿಳಿ ಚಕ್ಕೆ ಕಟ್ಟಿದ ಜಾಗದಲ್ಲಿ ಬೆಂಕಿಯ ಬಿಸಿಯು ನೀರಿಗೆ ಸರಿಯಾಗಿ ದಾಟುವುದಿಲ್ಲ, ಲೋಹದಲ್ಲೇ ಉಳಿಯುತ್ತದೆ. ಹಾಳೆ ಒಂದು ಕಡೆ ಹರಿದರೆ ಸಾಕು, ಸುಮಾರು 180 ಡಿಗ್ರಿಯಲ್ಲಿ ಒತ್ತಿ ಹಿಡಿದಿದ್ದ ನೀರು ಭಗ್ಗನೆ ಉಗಿಯಾಗುತ್ತದೆ. ಒಂದು ಪಾಲು ನೀರು ಪೂರ್ತಿ ಉಗಿಯಾದರೆ ಸಾವಿರದ ಆರುನೂರು ಪಾಲು. ಒಂದು ಬಾಯ್ಲರ್ ಹೋಯಿತು, ಹಿಂದೆಯೇ ಇನ್ನೆರಡು.

ದಕ್ಷಿಣದವರು ಕಲ್ಲಿದ್ದಲಿನಲ್ಲಿ ಬಾಂಬು ಅಡಗಿಸಿದ್ದರು ಎಂಬ ಕತೆಯೂ ಒಂದಿದೆ. ಅದನ್ನು ನಾನು ನಂಬುವುದಿಲ್ಲ. ಇಷ್ಟೆಲ್ಲ ಸೇರಿದ ಬಾಯ್ಲರ್‌ಗೆ ಬಾಂಬಿನ ಅಗತ್ಯವಿಲ್ಲ. ಇದೇ ಬಗೆಯ ಬಾಯ್ಲರ್‌ಗಳು ಮರುವರ್ಷಗಳಲ್ಲಿ ಇನ್ನೆರಡು ದೋಣಿಗಳಲ್ಲಿ ಒಡೆದ ಮೇಲೆ ಕೆಳ ಮಿಸಿಸಿಪ್ಪಿಯಿಂದ ಅವನ್ನು ಕಿತ್ತು ಹಾಕಿದರು. ಶಿಕ್ಷೆಯ ವಿಷಯಕ್ಕೆ ಬಂದರೆ, ಕ್ಯಾಪ್ಟನ್ ಮೇಸನ್ ನದಿಯಲ್ಲೇ ಸತ್ತ. ಸಿಪಾಯಿಗಳನ್ನು ಹತ್ತಿಸಿದ ಸೇನಾಧಿಕಾರಿಗಳಲ್ಲಿ ಫ್ರೆಡ್ರಿಕ್ ಸ್ಪೀಡ್ ಒಬ್ಬನ ಮೇಲೆ ತೀರ್ಪಾಗಿ, ಅದೂ ಮೇಲೆ ಹೋಗಿ ರದ್ದಾಯಿತು. ಲಿಂಕನ್ ಸತ್ತು ಹನ್ನೆರಡು ದಿನವಾಗಿತ್ತು, ಕೊಂದವನು ಹಿಂದಿನ ದಿನವಷ್ಟೇ ಗುಂಡಿಗೆ ಬಲಿಯಾಗಿದ್ದ. ಪತ್ರಿಕೆಗಳಲ್ಲಿ ಜಾಗವಿರಲಿಲ್ಲ.

ಮುಂದಿನ ಶುಕ್ರವಾರ ಅದೇ ಮಕ್ಕಳನ್ನು ಮತ್ತೆ ಗ್ಯಾರೇಜಿಗೆ ಕರೆದೆ. ಈ ಸಲ ತಟ್ಟೆ ಓರೆ ಮಾಡಲಿಲ್ಲ. ಒಂದು ಬಾಟಲಿಯ ಹೊಟ್ಟೆಯಲ್ಲಿ ರಂಧ್ರ ಮಾಡಿ ಟೇಪು ಅಂಟಿಸಿದ್ದೆ. ಹನಿ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಹಳೆಯ ನೋಟ್‌ಬುಕ್, ಪೆನ್ನು. ನೀವು ಎಂಜಿನಿಯರ್, ದಡದಲ್ಲಿ ಎರಡು ಸಾವಿರ ಜನ ಮನೆಗೆ ಹೋಗಲು ಕಾಯುತ್ತಿದ್ದಾರೆ, ಚಾಲನೆಗೆ ಯೋಗ್ಯ ಎಂದು ಯಾರು ಸಹಿ ಹಾಕುತ್ತೀರಿ ಎಂದು ಕೇಳಿದೆ. ಇಬ್ಬರು ಹುಡುಗರು ಸೋರುತ್ತಿಲ್ಲವಲ್ಲ ಎಂದು ಹಾಕಿದರು. ಉಳಿದವರು ಹಾಕಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿ ಪೆನ್ನು ಮುಟ್ಟದೆ, “ನೀವು ಹಾಕುತ್ತಿದ್ದಿರಾ?” ಎಂದಳು.

ಹೇಳಿದೆ. ಒಂದು ವರ್ಷ ನುರಿಸುವ ಹಂಗಾಮಿನ ನಡುವೆ ನಮ್ಮ ಬಾಯ್ಲರ್‌ನ ಒಂದು ಕೊಳವೆ ತೂತಾಯಿತು. ಕಾರ್ಖಾನೆಯ ಗೇಟಿನಿಂದ ಮುಖ್ಯರಸ್ತೆಯವರೆಗೆ ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ಸಾಲು. ಕಡಿದ ಕಬ್ಬು ಒಣಗಿದರೆ ತೂಕ ಹೋಗುತ್ತದೆ. ರೈತರು ಕೂಗುತ್ತಿದ್ದರು, ಮೇಲಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಬೆಂಕಿ ಆರಿಸಿ, ತಣಿಸಿ, ಆ ಕೊಳವೆಯ ಎರಡೂ ಬಾಯಿಗೆ ಬಿರಡೆ ಜಡಿದೆವು. ಅದೇನೋ ಸರಿ, ಎಲ್ಲರೂ ಮಾಡುವುದೇ. ಅಕ್ಕಪಕ್ಕದ ಕೊಳವೆಗಳ ದಪ್ಪ ಅಳೆದು, ನೀರಿನ ಒತ್ತಡ ಕೊಟ್ಟು ನೋಡಿ, ಆಮೇಲೆ ಬೆಂಕಿ ಹಾಕಬೇಕಿತ್ತು. ಅದಕ್ಕೆ ಇನ್ನೊಂದು ದಿನ ಬೇಕು. ನಾನು ಅಳೆಯಲಿಲ್ಲ. ಲಾಗ್ ಪುಸ್ತಕದಲ್ಲಿ ‘ಚಾಲನೆಗೆ ಯೋಗ್ಯ’ ಎಂದು ಬರೆದು ಸಹಿ ಹಾಕಿದೆ. ನಲವತ್ತಾರು ದಿನ ಓಡಿತು. ಏನೂ ಆಗಲಿಲ್ಲ. ಹಂಗಾಮು ಮುಗಿದ ಮೇಲೆ ತೆರೆದು ಅಳೆದಾಗ ಪಕ್ಕದ ನಾಲ್ಕು ಕೊಳವೆಗಳು ಕಾಗದದಂತೆ ಸವೆದಿದ್ದವು. ಬದಲಿಸಿದೆವು.

ಅವಳು ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟಳು. ಬಾಟಲಿಯ ಟೇಪಿನ ಅಂಚಿನಲ್ಲಿ ಆಗಲೇ ಕೆಂಪು ಹನಿಯೊಂದು ಮೂಡಿತ್ತು. ಸಹಿ ಹಾಕಿದ್ದ ಹುಡುಗರಲ್ಲಿ ಒಬ್ಬ ಬಟ್ಟೆ ತರಲು ಒಳಗೆ ಓಡಿದ.