ಹೆರಿಗೆ ಕೇಂದ್ರಕ್ಕೆ ಲೈಸೆನ್ಸ್ ಇದೆಯಾ? ನೋಡುವುದು ಹೀಗೆ

ತಂಗಿಗೆ ಏಳು ತಿಂಗಳಾಗಿದ್ದಾಗ ಒಂದು ಹೆರಿಗೆ ಕೇಂದ್ರ ನೋಡಲು ಅವಳ ಜೊತೆ ಹೋಗಿದ್ದೆ. ಮನೆಯಂಥ ಕೋಣೆ, ನೀರಿನ ತೊಟ್ಟಿ, ಮೆಲ್ಲಗೆ ಮಾತಾಡುವ ಸಿಸ್ಟರ್‌ಗಳು. ಎಲ್ಲ ಇಷ್ಟವಾಯಿತು. ನೋಂದಣಿ ಪತ್ರ ಎಲ್ಲಿದೆ ಎಂದು ಕೇಳಿದೆ. "ನಮ್ಮದು ಆಸ್ಪತ್ರೆ ಅಲ್ಲ ಮೇಡಂ, ಅದೆಲ್ಲ ಬೇಕಾಗಲ್ಲ" ಎಂದರು.

ಬೇಕು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಎಲ್ಲರೂ ಕೆಪಿಎಂಇ ಎನ್ನುತ್ತಾರೆ. ಹೆರಿಗೆ ಮನೆಗಳೂ ಅದರೊಳಗೇ ಬರುತ್ತವೆ. ಬೋರ್ಡಿನಲ್ಲಿ 'ನೈಸರ್ಗಿಕ ಹೆರಿಗೆ' ಎಂದು ಬರೆದರೆ ವಿನಾಯಿತಿ ಸಿಗುವುದಿಲ್ಲ.

ಮೊದಲು ಕೆಪಿಎಂಇ ಪತ್ರ ನೋಡಿ. ಅದನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಿರಬೇಕು. ನೋಂದಣಿ 5 ವರ್ಷಕ್ಕೆ ಮಾತ್ರ, ಹಾಗಾಗಿ ಅವಧಿ ಓದಿ. ನಾವು ನೋಡಿದ ಎರಡನೇ ಕೇಂದ್ರದಲ್ಲಿ ಪತ್ರ ಪರದೆಯ ಹಿಂದಿತ್ತು. ಸರಿಸಿ ನೋಡಿದರೆ ವಿಳಾಸ ಬೇರೆ ಬೀದಿಯದು! ಇಂಥದ್ದು ಕಂಡರೆ ಸುಮ್ನೆ ಬರಬೇಡಿ, ಕೇಳಿ. ಫೋಟೊ ತೆಗೆದುಕೊಳ್ಳಿ.

ಅಲ್ಲೇ ಸ್ಕ್ಯಾನಿಂಗ್ ಮಾಡುತ್ತಾರಾ? ಹಾಗಾದರೆ ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಬೇರೆ ನೋಂದಣಿ ಇರಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲೇ ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನೆನಪಿದೆ ಅಲ್ವಾ?

ಇನ್ನು ಮುಖ್ಯವಾದದ್ದು. ಇದಕ್ಕೆ ಜಾಸ್ತಿ ಹೊತ್ತು ಕೊಡಿ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರಿರುತ್ತಾರೆ? ಅವರ ಓದು ಏನು? ರಕ್ತಸ್ರಾವ ನಿಲ್ಲದಿದ್ದರೆ, ಮಗು ಉಸಿರಾಡದಿದ್ದರೆ ಮೊದಲ ಐದು ನಿಮಿಷ ಯಾರು ಏನು ಮಾಡುತ್ತಾರೆ? ಸಿಸೇರಿಯನ್ ಬೇಕಾದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಜೊತೆಗೆ ಯಾರು? '108ಕ್ಕೆ ಫೋನ್ ಮಾಡ್ತೀವಿ' ಎಂಬುದಷ್ಟೇ ಉತ್ತರವಾದರೆ ನನಗೆ ಸಾಲದು. ಆ ಆಸ್ಪತ್ರೆಗೆ ನೀವೇ ಹೋಗಿ, ಇವರ ಕೇಂದ್ರ ಗೊತ್ತಾ ಎಂದು ವಿಚಾರಿಸಿ.

ಮಾಸು ಎಲ್ಲಿ ಹಾಕುತ್ತಾರೆ ಎಂದೂ ಕೇಳಿ. ಅದು ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು, ಊರಿನ ಕಸದ ಗಾಡಿಗಲ್ಲ. ಹುಟ್ಟಿದ ಮಾಹಿತಿಯನ್ನು 21 ದಿನದೊಳಗೆ ಜನನ ನೋಂದಣಿಗೆ ಕೊಡುವುದು ಕೇಂದ್ರದ ಕೆಲಸ.

ನೋಂದಣಿ ಇಲ್ಲವೆಂದು ಗೊತ್ತಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದುಕೊಡಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ, ದೂರು ಎರಡನ್ನೂ ನೋಡುತ್ತದೆ. ನೋಂದಣಿ ಇಲ್ಲದೆ ನಡೆಸುವುದು ಜೈಲು ಶಿಕ್ಷೆಯಾಗಬಹುದಾದ ಅಪರಾಧ. ದೂರಿನಲ್ಲಿ ಹೋದ ದಿನ, ವಿಳಾಸ, ಕಂಡದ್ದು ಇಷ್ಟೇ ಬರೆಯಿರಿ. ಫೋಟೊ, ಬಿಲ್ಲು ಇದ್ದರೆ ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.